‘ಫ್ರೇಮ್‌ವರ್ಕ್ ಇನ್‌ಸ್ಟಾಲೇಶನ್ ಫೇಲ್ಡ್’: ಕನ್ನಡದಲ್ಲಿ ಏನೆನ್ನೋಣ?

ಉಡುಪಿಯಿಂದ:
ನಾಳೆ ಬೆಳಿಗ್ಗೆಯೊಳಗೆ ಪದ ಬೇಕು. ಇಲ್ಲಿನ ಒಂದು ಸಹಕಾರ ಸಂಘಕ್ಕೆ ಹಳೇ ಲೆಕ್ಕದ ಸಾಫ್ಟ್‌ವೇರಿನ ಕನ್ನಡ ಕೈಪಿಡಿ ಮಾಡುತ್ತಿದ್ದೇನೆ. ಅದು ಓಡಲು ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಎಂಬ ಮೈಕ್ರೋಸಾಫ್ಟಿನ ಆಧಾರ ಸಾಫ್ಟ್‌ವೇರ್ ಬೇಕು. ವಿಂಡೋಸ್ 10ರಲ್ಲಿ ಹಾಕಲು ಹೋದರೆ 0ಎಕ್ಸ್800ಎಫ್081ಎಫ್ ಎಂಬ ಎರರ್. ‘ಚೌಕಟ್ಟಿನ ಅನುಸ್ಥಾಪನೆ ವಿಫಲವಾಗಿದೆ’ ಅಂತ ಬರೆದೆ. ಕ್ಯಾಶ್ ಕೌಂಟರಿನವರು ಓದಿ, ‘ಬಾಗಿಲು ಮುರಿದದ್ದಾ?’ ಅಂದರು.

ಮಂಗಳೂರಿನಿಂದ:
‘ಅನುಸ್ಥಾಪನೆ’ ಬಿಸಾಡಿ. ಅಲ್ಲಿ ‘ಅನು’ವಿಗೆ ಎಂತ ಕೆಲಸ? ‘ಅಳವಡಿಕೆ’ ನಮ್ಮದೇ ಮಾತು. ‘ಚೌಕಟ್ಟು’ ಇರಲಿ, ಅದು ಅಚ್ಚಗನ್ನಡ. ‘ಕಟ್ಟು’ ಕಾಣುವುದಿಲ್ಲವಾ?

ಮಣಿಪಾಲದಿಂದ:
‘ಕಟ್ಟು’ ಕಂಡ ಕೂಡಲೇ ಕನ್ನಡ ಆಗುವುದಿಲ್ಲ. ಹಿಂದಿಯ ಚೌಖಟ್, ಮರಾಠಿಯ ಚೌಕಟ್ ನೋಡಿ. ‘ಚೌ’ ಅಂದರೆ ನಾಲ್ಕು, ಪ್ರಾಕೃತದ ದಾರಿಯಲ್ಲಿ ಬಂದದ್ದು. ಬಂದರೆ ಬರಲಿ. ಚಾವಿ, ಅನಾನಸು ಪೋರ್ಚುಗೀಸರಿಂದ ಬಂದವು, ಅವನ್ನೂ ಓಡಿಸುತ್ತೀರಾ?

ತೊಂದರೆ ಬೇರೆ ಕಡೆ ಉಂಟು. ಹಂಚಿನ ಮನೆಯ ಮಾಡಿಗೆ ಮೊದಲು ಪಕ್ಕಾಸು, ರೀಪು ಎಂಬ ಮರದ ಪಟ್ಟಿಗಳು, ಹಂಚು ಆಮೇಲೆ. ಫ್ರೇಮ್‌ವರ್ಕ್ ಅಂದರೆ ಆ ಪಕ್ಕಾಸು-ರೀಪು, ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಹಂಚು. ಹಾಗಂತ ‘ರೀಪು’ ಅಂತ ಬರೆಯಬೇಡಿ. ಪರದೆಯಲ್ಲಿ ಫ್ರೇಮ್‌ವರ್ಕ್ ಎಂದಿದ್ದರೆ ಓದುವವರು ಅದನ್ನೇ ಹುಡುಕುತ್ತಾರೆ. ‘ವಿಫಲ’ದಿಂದಲೂ ಪ್ರಯೋಜನ ಇಲ್ಲ. ಆ ಎರರ್ ಹೇಳುವುದು, ಬೇಕಾದ ಮೂಲ ಫೈಲುಗಳು ಸಿಗಲಿಲ್ಲ ಅಂತ. ವಿಂಡೋಸ್ 10ರ ಜೊತೆ 3.5 ಪೂರ್ತಿ ಬಂದಿರುವುದಿಲ್ಲ, ಆನ್ ಮಾಡುವಾಗ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಅದೇ ವರ್ಶನಿನ ವಿಂಡೋಸ್ ಡಿವಿಡಿ ಹಾಕಿ, ‘ಸೋರ್ಸಸ್’ ಫೋಲ್ಡರಿನ ಒಳಗಿರುವ ‘ಎಸ್‌ಎಕ್ಸ್‌ಎಸ್’ ಫೋಲ್ಡರನ್ನು ಡಿಐಎಸ್‌ಎಂ ಎಂಬ ವಿಂಡೋಸಿನದೇ ಕಮಾಂಡಿಗೆ ತೋರಿಸಬೇಕು. ಕೈಪಿಡಿಯಲ್ಲಿ ಇದನ್ನು ಹೇಳಿ, ಸುಮ್ನೆ ಪದಕ್ಕೆ ಪದ ಜೋಡಿಸಬೇಡಿ.

ಮಂಗಳೂರಿನಿಂದ:
ಫ್ರೇಮ್‌ವರ್ಕ್ ಅಂತಲೇ ಬರೆಯುವುದಾದರೆ ಇಲ್ಲಿ ಕೇಳಿದ್ದು ಯಾಕೆ ಮಾರಾಯ್ರೆ? ಕಿಟೆಲ್ ಪಾದ್ರಿಯ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಇದೇ ಊರಲ್ಲಿ ಅಚ್ಚಾದದ್ದು. ಒಮ್ಮೆ ಬಿಚ್ಚಿ ನೋಡಿ.

ಮಣಿಪಾಲದಿಂದ:
ಬಿಚ್ಚಿ ನೋಡಿಯೇ ಹೇಳುವುದು. ಆ ಜರ್ಮನ್ ಪಾದ್ರಿ ತದ್ಭವಗಳನ್ನು ಹೊರಗೆ ನಿಲ್ಲಿಸಲಿಲ್ಲ. ಅಂದ ಹಾಗೆ ‘ಪಾದ್ರಿ’ಯೂ ಪೋರ್ಚುಗೀಸೇ.

ಉಡುಪಿಯಿಂದ:
ಜಗಳ ಮುಂದುವರಿಯಲಿ, ನಾನು ಹೀಗೆ ಬರೆದು ಕಳಿಸಿದೆ: ‘ಫ್ರೇಮ್‌ವರ್ಕ್ ಹಾಕಲು ಆಗಲಿಲ್ಲ. ಬೇಕಾದ ಫೈಲುಗಳು ಸಿಗಲಿಲ್ಲ. ನೆಟ್ ಇದೆಯೇ ನೋಡಿ.’ ‘ಅಳವಡಿಕೆ’ಯನ್ನು ಅಧ್ಯಾಯದ ತಲೆಬರಹಕ್ಕೆ ಇಟ್ಟುಕೊಂಡಿದ್ದೇನೆ. ಕೌಂಟರಿನವರು ಈ ಸಲ ಬಾಗಿಲಿನ ಸುದ್ದಿ ಎತ್ತಲಿಲ್ಲ. ಡಿವಿಡಿ ಯಾರ ಹತ್ತಿರ ಉಂಟು ಅಂತ ಕೇಳಿದರು.