ಕತ್ತು ಪೂರ್ತಿ ನಿಲ್ಲದ ಮಗುವಿಗೆ ಮೊದಲ ಹುಟ್ಟುಹಬ್ಬ: ಪ್ರಶ್ನೋತ್ತರ

ಪ್ರಶ್ನೆ (ಮಗುವಿನ ತಾಯಿ, ಮಂಡ್ಯ): ಮೇಡಂ, ನಮಸ್ಕಾರ. ಮಗ 30 ವಾರಕ್ಕೇ ಹುಟ್ಟಿದವನು. ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬರದಿರೋದು, ಅಂತ ಹೇಳಿದ್ದಾರೆ. ಕತ್ತು ಅರೆಬರೆ ನಿಂತಿದೆ, ಕಾಲು ಬಿಗಿ, ಸದ್ದಾದರೆ ಬೆಚ್ಚಿಬೀಳ್ತಾನೆ. ಫಿಟ್ಸ್ ಸಿರಪ್ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ. ಮುಂದಿನ ತಿಂಗಳು ವರ್ಷ ತುಂಬುತ್ತೆ. ಬೆಳಿಗ್ಗೆ ನಂಜನಗೂಡಲ್ಲಿ ಮುಡಿ, ಸಂಜೆ 7ಕ್ಕೆ ಛತ್ರದಲ್ಲಿ ಇನ್ನೂರು ಜನ, ಕೇಕು, ಆರ್ಕೆಸ್ಟ್ರಾ ಅಂತ ಅತ್ತೆ ಹೇಳ್ತಿದ್ದಾರೆ. ಬೇಡ ಅಂದ್ರೆ "ಮಗೂನ ಮುಚ್ಚಿಡ್ತೀಯಾ" ಅಂತಾರೆ. ಹೇಗೆ ಮಾಡೋದು?

ಉತ್ತರ (ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು): ಧಾರಾಳವಾಗಿ ಮಾಡಿ ಕಣಮ್ಮ. ಹೊತ್ತು ಮಾತ್ರ ಮಗುವಿನದಾಗಿರಲಿ. ಸಂಜೆ 7ರ ಹೊತ್ತಿಗೆ ಅವನು ದಣಿದಿರ್ತಾನೆ, ಗಲಾಟೆಯಲ್ಲಿ 8ರ ಸಿರಪ್ ಹಿಂದೆ ಬೀಳುತ್ತೆ. ತಪ್ಪಿದ ಡೋಸು, ಕೆಟ್ಟ ನಿದ್ದೆ, ಇವೆರಡೂ ಫಿಟ್ಸ್ ಕರೆಯುವಂಥವು. ಬೆಳಗಿನ ನಿದ್ದೆ ಮುಗಿಸಿ ಎದ್ದ ಮೇಲೆ, 11ರಿಂದ 12ರ ಒಳಗೆ ಆರತಿ ಎತ್ತಿಸಿ. ಮಗು ಜನರ ನಡುವೆ ಇರೋದು ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆಮೇಲೆ ಒಳಕೋಣೆ. ಊಟದ ಪಂಕ್ತಿ ಮೂರು ಗಂಟೆವರೆಗೂ ನಡೆಯಲಿ, ಅದಕ್ಕೆ ಮಗು ಬೇಕಿಲ್ಲ. ಛತ್ರವೇ ಆಗಬೇಕು ಅಂದ್ರೆ ವಧುವಿನ ಕೋಣೆಯ ಬೀಗದ ಕೈ ಬೆಳಿಗ್ಗೆಯೇ ಇಸ್ಕೊಳ್ಳಿ. ವಾಲಗ ಬೇಕೇ ಬೇಕು ಅಂದ್ರೆ ಗೇಟಿನ ಹತ್ತಿರ ಕೂರಿಸಿ. ಆರ್ಕೆಸ್ಟ್ರಾ ಬಿಡಿ.

ಸದ್ದಿನ ವಿಷಯ ಬರೀ ಅಳುವಿನದಲ್ಲ. ಇಂಥ ಮಕ್ಕಳು ಬೆಚ್ಚಿದಾಗ ಮೈಯೆಲ್ಲ ಒಂದೇ ಸಲ ಸೆಟೆಯುತ್ತೆ: ತಲೆ ಹಿಂದಕ್ಕೆ ಹೋಗುತ್ತೆ, ಬೆನ್ನು ಬಿಲ್ಲಿನಂತಾಗುತ್ತೆ, ಕಾಲು ಕತ್ತರಿಯಂತೆ ಒಂದರ ಮೇಲೊಂದು ಬರುತ್ತೆ. ಎತ್ತಿಕೊಂಡವರ ಕೈಯಿಂದ ಜಾರೋದು ಆಗಲೇ. ಅದಕ್ಕೆ ಹೀಗೆ ಹಿಡೀಬೇಕು. ಅವನ ಬೆನ್ನು ನಿಮ್ಮ ಎದೆಗೆ, ಮುಖ ಹೊರಗೆ. ಒಂದು ಕೈ ಎರಡೂ ತೊಡೆಯ ಕೆಳಗೆ ಹಾಯಿಸಿ ಮಂಡಿ ಎದೆಯ ಕಡೆ ಮಡಿಸಿ, ಇನ್ನೊಂದು ಕೈ ಎದೆಗೆ ಅಡ್ಡ. ಸೊಂಟ ಮಡಿಸಿದ್ದರೆ ಸೆಟೆತ ಇಳಿಯುತ್ತೆ. ಡಯಾಪರ್ ಬದಲಿಸುವಾಗಲೂ ಇದೇ ಲೆಕ್ಕ: ಕಣಕಾಲು ಹಿಡಿದು ಎಳೆದಷ್ಟೂ ಬಿಗಿಯಾಗುತ್ತೆ, ಮೊದಲು ಮಂಡಿ ಮಡಿಸಿ, ಆಮೇಲೆ ಅಗಲಿಸಿ.

ನೆಂಟರಿಗೆ ಒಂದೇ ನಿಯಮ ಹೇಳಿ: ಮೊದಲು ಕೂತ್ಕೊಳ್ಳಿ, ಆಮೇಲೆ ತೊಡೆ ಮೇಲೆ ಇಸ್ಕೊಳ್ಳಿ. ಕೈಯಿಂದ ಕೈಗೆ ದಾಟಿಸೋದು, ರಟ್ಟೆ ಹಿಡಿದು ಎತ್ತೋದು, ಗಾಳಿಗೆ ಹಾರಿಸೋದು ಬೇಡ. ಯಾರಾದರೂ ಕಂಕುಳಿಗೆ ಕೈ ಕೊಟ್ಟು "ನೋಡ್ರೀ, ನಿಂತೇಬಿಟ್ಟ" ಅಂತಾರೆ. ಅದು ನಿಲ್ಲೋದಲ್ಲ, ಬಿಗಿತ. ತುದಿಗಾಲಲ್ಲಿ ಹಾಗೆ ನಿಲ್ಲಿಸಿದಷ್ಟೂ ಆ ಅಭ್ಯಾಸವೇ ಗಟ್ಟಿಯಾಗುತ್ತೆ.

ಫೋಟೋಗೆ ಕೂರಿಸಲು ಸಿಂಹಾಸನದ ಬಾಡಿಗೆ ಯಾಕೆ? ಟಿವಿ ಬಂದ ದಪ್ಪ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯನ್ನು ಅವನ ಹೆಗಲ ಎತ್ತರಕ್ಕೆ ಕತ್ತರಿಸಿ, ತಳ ಸೇರಿಸಿಯೇ. ಆ ಮೂಲೆಯನ್ನ ಗೋಡೆಯ ಮೂಲೆಗೆ ಒತ್ತಿಡಿ, ಇಲ್ಲದಿದ್ದರೆ ಅವನು ಸೆಟೆದಾಗ ಪೆಟ್ಟಿಗೆಯೇ ಮಗುಚುತ್ತೆ. ಬೆನ್ನು ಮೂಲೆಗೆ ಬಂದರೆ ಎರಡೂ ಹೆಗಲು ಮುಂದಕ್ಕೆ ಬಂದು ಕೈ ನಡುವಿಗೆ ಸೇರುತ್ತೆ. ಎರಡು ಟವೆಲ್ ಬಿಗಿಯಾಗಿ ಸುತ್ತಿ, ಒಂದು ತೊಡೆಗಳ ನಡುವೆ, ಇನ್ನೊಂದು ಮಂಡಿ ಕೆಳಗೆ. ಮೇಲೆ ರೇಷ್ಮೆ ಶಲ್ಯ ಹೊದಿಸಿದರೆ ಪೆಟ್ಟಿಗೆ ಕಾಣೋದೇ ಇಲ್ಲ. ಹತ್ತೇ ನಿಮಿಷ, ಒಬ್ಬರು ಕೈಯಳತೆಯಲ್ಲೇ ಇರಬೇಕು, ತಲೆ ವಾಲಿದ ಕೂಡಲೇ ಎತ್ತಿಕೊಳ್ಳಿ. ಬಟ್ಟೆ ಮುಂದೆ ಗುಂಡಿ ಇರೋದೇ ತನ್ನಿ. ಬಿಗಿಯಾದ ಕೈ ಮೊದಲು ತೂರಿಸಿ, ತೆಗೆಯುವಾಗ ಅದನ್ನ ಕೊನೆಗೆ.

ಮುಡಿ ಅದೇ ದಿನ ಖಂಡಿತ ಬೇಡ. ಮಂಡ್ಯದಿಂದ ನಂಜನಗೂಡಿಗೆ ಹೋಗಿಬರೋದರಲ್ಲೇ ಅವನ ಶಕ್ತಿ ಮುಗಿಯುತ್ತೆ. ಬೇರೆ ದಿನ ಮಾಡಿಸಿ, ಟ್ರಿಮ್ಮರ್‌ನಿಂದ, ತೊಡೆ ಮೇಲೆ ಕೂರಿಸಿಕೊಂಡು. ಕತ್ತು ಹಿಂದಕ್ಕೆ ಬಾಗಿಸಬಾರದು. ಕಪಿಲೆಯಲ್ಲಿ ಮುಳುಗಿಸೋ ಬದಲು ನೀರು ಪ್ರೋಕ್ಷಣೆ ಸಾಕು. ಇದನ್ನ ಓದ್ತಿರೋ ಬೇರೆ ತಂದೆತಾಯಿಯರಿಗೆ: ತಲೆಯಲ್ಲಿ ನೀರು ತುಂಬಿ ಶಂಟ್ (ಆ ನೀರನ್ನ ಕೆಳಗಿಳಿಸಲು ಚರ್ಮದಡಿ ಇಡುವ ನಳಿಕೆ) ಹಾಕಿಸಿದ್ದರೆ ಆ ಉಬ್ಬಿನ ಮೇಲೆ, ಕಿವಿ ಹಿಂದೆ ಇಳಿಯುವ ನಳಿಕೆಯ ಮೇಲೆ ಕತ್ತಿ ಆಡಿಸಲೇಬಾರದು. ಚರ್ಮ ಗೀರಿದರೆ ಸೋಂಕು ಶಂಟ್‌ವರೆಗೂ ಹೋಗಬಹುದು.

ತಾಯಿ: ಆ ದಿನವೇ ಫಿಟ್ಸ್ ಬಂದ್ರೆ ಮೇಡಂ?

ಫಿಸಿಯೋಥೆರಪಿಸ್ಟ್: ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, ಜನರನ್ನ ದೂರ ಕಳಿಸಿ. ಬಾಯಿಗೆ ಚಮಚವೂ ಬೇಡ, ನೀರೂ ಬೇಡ. ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ಯಾವ ಉಪಯೋಗಕ್ಕೂ ಇಲ್ಲ. 5 ನಿಮಿಷ ದಾಟಿದರೆ ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ ಹಾಕಿ, 108ಕ್ಕೆ ಫೋನ್ ಮಾಡಿ. ಸ್ಪ್ರೇ ಬರೆಸಿಕೊಂಡಿಲ್ಲದಿದ್ದರೆ ಈ ವಾರವೇ ಕೇಳಿ. ಸಿರಪ್ ಕುಡಿದ ತಕ್ಷಣ ವಾಂತಿಯಾದರೆ ಮತ್ತೆ ಕೊಡಬೇಕೋ ಬೇಡವೋ ಅನ್ನೋದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಉತ್ತರ (ವಾಕ್ ಮತ್ತು ನುಂಗುವಿಕೆ ಚಿಕಿತ್ಸಕಿ, ಮೈಸೂರು): ತಿನ್ನಿಸೋದರ ಬಗ್ಗೆ ನಾನು ಸೇರಿಸ್ತೀನಿ. ಕೇಕಿನ ಪುಡಿ ಒಣಗಿದ್ದು, ಬಾಯಲ್ಲಿ ಚದುರುತ್ತೆ, ಉಂಡೆ ಕಟ್ಟಿ ನುಂಗೋದು ಈ ಮಗುವಿಗೆ ಕಷ್ಟ. ಪಾಯಸ ಮೆತ್ತಗಿದೆ, ಪರವಾಗಿಲ್ಲ ಅಂತ ಎಲ್ಲರೂ ಅಂದ್ಕೋತಾರೆ. ಅದೇ ಹೆಚ್ಚು ತೊಡಕಿನದು. ತೆಳು ಹಾಲು ಮುಂದೆ ಓಡುತ್ತೆ, ಶಾವಿಗೆ ದ್ರಾಕ್ಷಿ ಬಾಯಲ್ಲೇ ಉಳಿಯುತ್ತೆ, ಮಗು ಅದನ್ನ ನಿಭಾಯಿಸೋವಷ್ಟರಲ್ಲಿ ಹಾಲು ಶ್ವಾಸನಾಳದ ಬಾಯಿಗೆ ಬಂದಿರುತ್ತೆ. ತೀರ್ಥವೂ ತೆಳು ನೀರೇ, ಅಳುವಾಗ ಬಾಯಿಗೆ ಬಿಡಬೇಡಿ, ತುಟಿಗೆ ಒರೆಸಿ. ಪಂಚಾಮೃತದಲ್ಲಿ ಜೇನು ಇರುತ್ತೆ, ವರ್ಷ ತುಂಬುವ ಮೊದಲು ಜೇನು ಕೊಡಲೇಬಾರದು, ತಿಥಿ ಪ್ರಕಾರ ಕೆಲವು ದಿನ ಮುಂಚೆ ಮಾಡುವವರು ಗಮನಿಸಿ.

ಸಿಹಿಗೆ ರಾಗಿ ಸರಿ ಮಾಡಿ. ಎರಡು ಟೀ ಚಮಚ ಸರಿ ಹಿಟ್ಟನ್ನ ಕಾಲು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸ್ತಾ ಬೇಯಿಸಿ, ಇಳಿಸಿದ ಮೇಲೆ ಅರ್ಧ ಪುಟ್ಟಬಾಳೆಯನ್ನ ಜರಡಿಯಲ್ಲಿ ತಿಕ್ಕಿ ಸೇರಿಸಿ. ಹದ ನೋಡೋದು ಹೀಗೆ: ಚಮಚದಲ್ಲಿ ತೆಗೆದರೆ ಆಕಾರ ನಿಲ್ಲಬೇಕು, ಚಮಚ ವಾಲಿಸಿದರೆ ಒಂದೇ ಮುದ್ದೆಯಾಗಿ ಜಾರಬೇಕು. ಸುರಿದರೆ ತೆಳು, ಚಮಚಕ್ಕೆ ಅಂಟಿಕೊಂಡರೆ ಗಟ್ಟಿ. ಆರಿದ ಮೇಲೆ ರಾಗಿ ಬಿಗಿಯುತ್ತೆ, ಆದ್ದರಿಂದ ಕೊಡುವ ಮುಂಚೆ ಇನ್ನೊಮ್ಮೆ ನೋಡಿ. ಪ್ರತಿದಿನ ಯಾರು ತಿನ್ನಿಸ್ತಾರೋ ಅವರೇ, ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗೆ, ಐದಾರು ಸಣ್ಣ ಚಮಚ. ಉಳಿದವರು ಅಕ್ಷತೆ ಹಾಕಲಿ, ಅದೂ ಕಾಲ ಮೇಲೆ. ತಲೆ ಮೇಲೆ ಹಾಕಿದ ಅಕ್ಕಿ ಮಡಿಲಿಗೆ ಬಿದ್ದು ಬಾಯಿಗೆ ಹೋಗುತ್ತೆ.

ಕೆಮ್ಮು, ಕಣ್ಣಲ್ಲಿ ನೀರು, ನುಂಗಿದ ಮೇಲೆ ಗೊಳಗೊಳ ದನಿ ಬಂದರೆ ಅಲ್ಲಿಗೇ ನಿಲ್ಲಿಸಿ. ಕೆಮ್ಮಿಲ್ಲದೆಯೂ ಶ್ವಾಸಕೋಶಕ್ಕೆ ಇಳಿಯೋದುಂಟು. ಪದೇ ಪದೇ ಜ್ವರ, ಕಫ ಇದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವಿಕೆ ಪರೀಕ್ಷೆ ಮಾಡಿಸಿ, ಹಬ್ಬಕ್ಕೆ ಮುಂಚೆಯೇ.

ಪ್ರಶ್ನೆ (ಮಗುವಿನ ತಂದೆ, ಮೈಸೂರು): ನಮ್ಮ ಮಗಳಿಗೆ ಎರಡೂ ಕಿವಿಗೆ ಯಂತ್ರ ಇದೆ. ಪೇಟ ಹಾಕಿ ಫೋಟೋ ತೆಗೆಸಬೇಕು ಅಂತ ಆಸೆ. ಯಂತ್ರ ತೆಗೆದಿಡಬಹುದಾ?

ವಾಕ್ ಚಿಕಿತ್ಸಕಿ: ಫೋಟೋಗೋಸ್ಕರ ತೆಗೀಬೇಡಿ ಸರ್, ಅದೂ ಅವಳ ಒಡವೆಯೇ. ಪೇಟ ಕಿವಿಯ ಮೇಲಕ್ಕೇ ನಿಲ್ಲಲಿ. ಮೈಕ್ ಮುಚ್ಚಿದರೆ ಸದ್ದು ಮಂಕಾಗುತ್ತೆ, ಯಂತ್ರ ಕುಂಯ್ ಅನ್ನುತ್ತೆ. ಎದೆಗವಚಿ ಎತ್ತಿಕೊಂಡಾಗಲೂ ಅದೇ ಆಗೋದು, ಕೆಟ್ಟಿದೆ ಅಂತ ಗಾಬರಿ ಬೇಡ. ವಾಲಗ ಜೋರಾದರೆ ಯಂತ್ರವನ್ನಲ್ಲ, ಮಗುವನ್ನ ದೂರ ಒಯ್ಯಿರಿ. ಹಾಡು ಹೇಳುವವರು ಒಂದು ತೋಳಿನಷ್ಟು ಹತ್ತಿರ, ಬೆಳಕು ಅವರ ಮುಖದ ಮೇಲೆ ಬೀಳುವಂತೆ ಕೂರಲಿ, ಕಿಟಕಿಗೆ ಬೆನ್ನು ಹಾಕಿದರೆ ತುಟಿ ಕಾಣಲ್ಲ. ಮುಡಿ ಕೊಡೋದಿದ್ದರೆ ಇನ್ನೊಂದು ಮಾತು: ಯಂತ್ರದ ದಾರವನ್ನ ಕೂದಲಿಗೆ ಕ್ಲಿಪ್ ಹಾಕ್ತಿದ್ದರೆ ಆಮೇಲೆ ಕೂದಲೇ ಇರಲ್ಲ. ಅಂಗಿಯ ಹಿಂಭಾಗಕ್ಕೆ ಹಾಕಿ.

ಗುಂಡಿ ಬ್ಯಾಟರಿ ಬಗ್ಗೆ ಹುಷಾರು. ಮಕ್ಕಳ ಯಂತ್ರಕ್ಕೆ ಸಾಮಾನ್ಯವಾಗಿ ಅವರು ತೆರೆಯಲಾಗದ ಮುಚ್ಚಳ ಇರುತ್ತೆ, ಹಾಡುವ ಮೇಣದಬತ್ತಿ, ಮಿನುಗುವ ಆಟಿಕೆಗೆ ಎಷ್ಟೋ ಸಲ ಇರಲ್ಲ. ನುಂಗಿದ ಗುಂಡಿ ಅನ್ನನಾಳದಲ್ಲಿ ಸಿಕ್ಕರೆ ಎರಡು ಗಂಟೆಯಲ್ಲೇ ಸುಡಬಹುದು. ವಾಂತಿ ಮಾಡಿಸದೆ ಸೀದಾ ಆಸ್ಪತ್ರೆಗೆ.

ತಾಯಿ: ಥ್ಯಾಂಕ್ಸ್ ಮೇಡಂ. "ಇನ್ನೂ ಕೂರಲ್ವಾ" ಅಂತ ಕೇಳೋರಿಗೆ ಏನು ಹೇಳಲಿ? ನಾದಿನಿ ವಾಕರ್ ತರ್ತೀನಿ ಅಂತಿದ್ದಾರೆ.

ಫಿಸಿಯೋಥೆರಪಿಸ್ಟ್: "ಹತ್ತು ವಾರ ಮುಂಚೆ ಬಂದವನು, ಲೆಕ್ಕಕ್ಕೆ ಈಗ ಒಂಬತ್ತೂವರೆ ತಿಂಗಳು ಚಿಲ್ಲರೆ, ಥೆರಪಿ ನಡೀತಿದೆ" ಅಂದು ಎಲೆ ಹಾಕಿ ಊಟಕ್ಕೆ ಕರೀರಿ. ಈ ಲೆಕ್ಕ ನೆಂಟರಿಗೆ ಮಾತ್ರ. ಬಿಗಿತ ಬೇಗ ಹುಟ್ಟಿದ್ದಕ್ಕೆ ತಾನಾಗೇ ಹೋಗುತ್ತೆ ಅಂತ ನೀವು ಥೆರಪಿ ಬಿಡಬೇಡಿ. ವಾಕರ್ ಮಾತ್ರ ಬೇಡವೇ ಬೇಡ, ತುದಿಗಾಲಲ್ಲಿ ತಳ್ಳೋದನ್ನೇ ಕಲಿಸುತ್ತೆ, ಉರುಳೋ ಭಯ ಬೇರೆ. ಎರಡಿಂಚು ದಪ್ಪದ ಗಟ್ಟಿ ಫೋಮ್ ಚಾಪೆ ಕೊಡಿಸಿ ಅಂತ ಈಗಲೇ ಹೇಳಿಬಿಡಿ. ವಾಕರ್ ಆಗಲೇ ತಂದಿದ್ದರೆ ವಾಪಸ್ ಕೊಡೋಕೆ ಬಿಲ್ ಇಸ್ಕೊಳ್ಳಿ.