ಸಹಾಯ ಬೇಕು: ಒಂದೇ ಸಿಎಸ್‌ಎಸ್, ಆದರೂ ಬಟನ್‌ಗಳ ಎತ್ತರ ಬೇರೆ ಬೇರೆ
ವೆಬ್ ಪುಟದಲ್ಲಿ ಒಂದೇ ಕ್ಲಾಸ್ (ಸಿಎಸ್‌ಎಸ್ ಅನ್ನೋ ಅಲಂಕಾರ ನಿಯಮಗಳ ಗುಂಪಿನ ಹೆಸರು) ಹಾಕಿರೋ ಮೂರು ಬಟನ್ ಅಕ್ಕಪಕ್ಕ ಇವೆ: ಒಂದು ಬಟನ್ ಟ್ಯಾಗ್, ಒಂದು ಸಬ್ಮಿಟ್ ಇನ್‌ಪುಟ್, ಒಂದು ಲಿಂಕ್. ಕ್ರೋಮ್‌ನಲ್ಲಿ ಮೂರೂ ಸಮ. ಫೈರ್‌ಫಾಕ್ಸ್‌ನಲ್ಲಿ ಮಾತ್ರ ಲಿಂಕ್ ಒಂದು ಕೂದಲೆಳೆ ಗಿಡ್ಡ ಕಾಣುತ್ತೆ.

ಮಾಮೂಲಿ ಮದ್ದೆಲ್ಲ ಆಗಿದೆ. ಅಪಿಯರೆನ್ಸ್ ನನ್ (ಬ್ರೌಸರ್ ತಾನಾಗಿ ಕೊಡೋ ರೂಪ ತೆಗೆಯೋದು, ಹಳೆ ಸಫಾರಿಗಾಗಿ ವೆಬ್‌ಕಿಟ್ ಪ್ರಿಫಿಕ್ಸ್ ಸಮೇತ), ಮಾರ್ಜಿನ್ 0, ಬಾರ್ಡರ್ ರೇಡಿಯಸ್ 4 ಪಿಕ್ಸೆಲ್. ಐಫೋನ್ ಸಫಾರಿ ಅಕ್ಷರಗಳನ್ನ ನೀಲಿ ಮಾಡ್ತಿತ್ತು, ಕಲರ್ ನಾವೇ ಕೊಟ್ಟ ಮೇಲೆ ಸರಿಹೋಯ್ತು. ಬಟನ್ ತಾನಾಗಿ ಬಾರ್ಡರ್ ಬಾಕ್ಸ್ (ಕೊಟ್ಟ ಅಳತೆಯೊಳಗೇ ಬಾರ್ಡರ್, ಪ್ಯಾಡಿಂಗ್ ಅಂದ್ರೆ ಒಳಗಿನ ಖಾಲಿ ಜಾಗ ಸೇರುತ್ತೆ), ಲಿಂಕ್ ಕಂಟೆಂಟ್ ಬಾಕ್ಸ್ (ಅವು ಸೇರಲ್ಲ). ಅದಕ್ಕೇ ಮೂರಕ್ಕೂ ಬಾರ್ಡರ್ ಬಾಕ್ಸ್. ಫಾರ್ಮ್ ಅಂಶಗಳು ಪುಟದ ಫಾಂಟ್ ತಗೊಳ್ಳಲ್ಲ ಅಂತ ಫಾಂಟ್ ಇನ್‌ಹೆರಿಟ್ ಕೂಡ ಇದೆ. ಅದು ಮೊದಲು ಕೊಟ್ಟ ಲೈನ್ ಹೈಟನ್ನೂ (ಸಾಲಿನ ಎತ್ತರ) ಅಳಿಸಿಬಿಡುತ್ತೆ (ಇದನ್ನ ಮರೆಯೋರೇ ಜಾಸ್ತಿ!), ಹಾಗಾಗಿ ಲೈನ್ ಹೈಟ್ 1.2 ಅದರ ಕೆಳಗಿನ ಸಾಲಲ್ಲಿದೆ. ಲಿಂಕ್‌ಗೆ ಇನ್‌ಲೈನ್ ಬ್ಲಾಕ್ (ಸಾಲಲ್ಲೇ ಇದ್ದು ಪೆಟ್ಟಿಗೆ ಥರ ಅಳತೆ ತಗೊಳ್ಳೋದು).

ಅನುಮಾನ ಇರೋದು ಲೆಕ್ಕದ ಮೇಲೆ. 16 ಪಿಕ್ಸೆಲ್ ಫಾಂಟ್‌ಗೆ ಸಾಲು 19.2, ಮೇಲೆ ಕೆಳಗೆ 0.6 ಇಎಂ (ಫಾಂಟ್ ಗಾತ್ರದ 0.6 ಪಟ್ಟು) ಪ್ಯಾಡಿಂಗ್ ಸೇರಿ 19.2, ಬಾರ್ಡರ್ 2, ಒಟ್ಟು 40.4. ಆ 0.4ನ್ನ ಒಂದೊಂದು ಕಡೆ ಒಂದೊಂದು ಥರ ದುಂಡು ಮಾಡ್ತಿರಬಹುದಾ? ಲೈನ್ ಹೈಟ್ 20 ಪಿಕ್ಸೆಲ್ ಅಂತ ಕಟ್ಟಿಹಾಕಿದ್ರೆ ಫಾಂಟ್ ದೊಡ್ಡದು ಮಾಡ್ಕೊಂಡು ಓದೋರಿಗೆ ತೊಂದರೆ. ಫ್ಲೆಕ್ಸ್ (ಒಳಗಿರೋದನ್ನ ಸಮವಾಗಿ ಜೋಡಿಸೋ ವಿಧಾನ) ಹಾಕೋಣ ಅಂದ್ರೆ ಇನ್‌ಪುಟ್ ಒಳಗೆ ಅದು ನಡೆಯಲ್ಲ.

ಇಎಂ ಅಳತೆ ಬಿಡದೆ, ಮೂರರ ಎತ್ತರವೂ ಎಲ್ಲ ಬ್ರೌಸರಲ್ಲೂ ಒಂದೇ ಬರೋ ಹಾಗೆ ಮಾಡೋದು ಹೇಗೆ?