5ನೇ ಗೇರಲ್ಲಿ 100ಕ್ಕೆ 3000 ಆರ್‌ಪಿಎಂ, ಎಂಜಿನ್ ಬೇಗ ಸವೆಯುತ್ತಾ?

ತೊಗರಿಕಟ್ಟೆ:

ನಮಸ್ಕಾರ್ರಿ ಎಲ್ರಿಗೂ. ಗಾಡಿ 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, 5 ಗೇರ್ ಮ್ಯಾನುವಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 81,000 ಕಿ.ಮೀ. ಆಗಿದೆ. ಮನೆ ಕಲಬುರಗಿ, ಕೆಲಸ ಹೈದರಾಬಾದ್. ಶನಿವಾರ ಬರ್ತೀನಿ, ಸೋಮವಾರ ನಸುಕಿಗೆ ಹೊರಡ್ತೀನಿ. ಹುಮನಾಬಾದ್ ತನಕ ಹೋಗಿ ಅಲ್ಲಿ 65ನೇ ನಂಬರ್ ಹೆದ್ದಾರಿ ಹಿಡಿದರೆ ಝಹೀರಾಬಾದ್ ಮೇಲೆ ಸೀದಾ ದಾರಿ, ಒಂದು ಕಡೆಗೆ ಸುಮಾರು 220 ಕಿ.ಮೀ. ನಾಲ್ಕು ಲೇನ್ ಸಿಕ್ಕ ಮೇಲೆ ಮೊದಲಿಂದಲೂ 100ರಲ್ಲೇ ಇಟ್ಟುಕೊಂಡು ಹೋಗ್ತೀನಿ. ಆಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕೋ ಸುತ್ತು) ಮುಳ್ಳು 3000ದ ಮೇಲೆ ಕೂತಿರುತ್ತೆ.

ಹೋದ ವಾರ ನಮ್ಮ ಕಾಕಾ ಜೊತೆಗೆ ಬಂದಿದ್ದರು. 25 ವರ್ಷ ಲಾರಿ ಓಡಿಸಿದ ಮನುಷ್ಯ. ಮುಳ್ಳು ನೋಡಿದ್ದೇ ತಡ ಶುರು ಮಾಡಿದರು, "ಎಂಜಿನ್ ಹಿಂಗ ಕೂಗಿಸಿದ್ರ ಪಿಸ್ಟನ್ ರಿಂಗ್ ಹೋಗ್ತಾವ ನೋಡಪಾ, ಎಂಬತ್ತರ ಮ್ಯಾಲೆ ಹೋಗಬ್ಯಾಡ." ಝಹೀರಾಬಾದ್ ಬರೋ ತನಕ ಇದೇ ಮಾತು. ಮೈಲೇಜ್ ಬೇರೆ ಇಳಿದಿದೆ, ಮೊದಲು ಲೀಟರಿಗೆ 18 ಕೊಡ್ತಿತ್ತು, ಈಗ 15. ಅದಕ್ಕೇ ತಲೆಯಲ್ಲಿ ಹುಳ ಹೊಕ್ಕಿದೆ. ನಿಜವಾಗಲೂ 3000ದಲ್ಲಿ ಎರಡು ತಾಸು ಓಡಿಸಿದರೆ ಎಂಜಿನ್ ಸವೆಯುತ್ತಾ?

ಬೀದರ್_ಕೋಟೆ:

80ರಲ್ಲಿ ಹೋಗಿ, ಮುಗೀತು. ಜಾಸ್ತಿ ಸುತ್ತಿದರೆ ಜಾಸ್ತಿ ಸವೆಯುತ್ತೆ, ಇದರಲ್ಲಿ ಕೇಳೋದೇನಿದೆ.

ಸೇಡಂರೋಡ್_ಪಾನಾ:

ಇಲ್ಲ ಸರ್, ಅಲ್ಲೇ ಎಡವಟ್ಟು ಆಗೋದು. ಒಂದು ಲೆಕ್ಕ ಮಾಡಿ ನೋಡೋಣ. 100ರ ಸ್ಪೀಡಲ್ಲಿ 3000 ಆರ್‌ಪಿಎಂ ಅಂದರೆ ಒಂದು ಕಿಲೋಮೀಟರಿಗೆ ಎಂಜಿನ್ 1800 ಸುತ್ತು ಹಾಕುತ್ತೆ. ಈಗ ಅದೇ 5ನೇ ಗೇರಲ್ಲಿ 80ರಲ್ಲಿ ಹೋಗಿ. ಮುಳ್ಳು 2400ಕ್ಕೆ ಇಳಿಯುತ್ತೆ, ಆದರೆ ಕಿಲೋಮೀಟರಿಗೆ ಮುಕ್ಕಾಲು ನಿಮಿಷ ಬೇಕು. ಸುತ್ತು ಎಷ್ಟಾಯ್ತು? ಅದೇ 1800. ಗೇರ್ ಒಂದೇ ಇದ್ದರೆ ಚಕ್ರಕ್ಕೂ ಎಂಜಿನ್‌ಗೂ ಹಲ್ಲಿಗೆ ಹಲ್ಲು ಕೂತಿರುತ್ತೆ, ನೀವು ನಿಧಾನ ಹೋಗಿ, ಜೋರು ಹೋಗಿ, ಕಲಬುರಗಿಯಿಂದ ಹೈದರಾಬಾದ್‌ಗೆ ಸುಮಾರು 4 ಲಕ್ಷ ಸುತ್ತು ಬಿದ್ದೇ ಬೀಳುತ್ತೆ. ಈ ಸುತ್ತು ಕಮ್ಮಿ ಮಾಡೋಕೆ ಗೇರ್ ಬದಲಾಗಬೇಕು, ಸ್ಪೀಡ್ ಅಲ್ಲ.

ನಿಜ ಹೇಳಬೇಕಂದ್ರೆ ಕಲಬುರಗಿ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ 2ನೇ ಗೇರಲ್ಲಿ ತೆವಳ್ತೀರಲ್ಲ, ಅಲ್ಲಿ ಕಿಲೋಮೀಟರಿಗೆ ಇದರ ಎರಡು ಪಟ್ಟಿಗಿಂತ ಜಾಸ್ತಿ ಸುತ್ತು ಬೀಳುತ್ತೆ. ಅದರ ಬಗ್ಗೆ ಯಾವ ಕಾಕಾನೂ ಬಯ್ಯಲ್ಲ!

ಸವೆತ ಆಗೋದು ಬೇರೆ ಕಡೆ. ಬೆಳಿಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಗಳಿಗೆಯಲ್ಲಿ ಆಯಿಲ್ ಇನ್ನೂ ಎಲ್ಲ ಕಡೆ ಮುಟ್ಟಿರಲ್ಲ, ಲೋಹಕ್ಕೆ ಲೋಹ ಉಜ್ಜುತ್ತೆ. ಆಮೇಲೆ ಧೂಳು. ನಮ್ಮ ಕಡೆ ವಾಡಿ, ಶಹಾಬಾದ್, ಮಳಖೇಡದ ರೋಡುಗಳಲ್ಲಿ ಸಿಮೆಂಟ್ ಬಲ್ಕರ್ (ಟ್ಯಾಂಕರ್ ಲಾರಿ) ಹಿಂದೆ ಹತ್ತು ನಿಮಿಷ ಹೋದರೆ ಬಾನೆಟ್ ಬಿಳಿ ಆಗುತ್ತೆ. ಏರ್ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂದರೆ ಆ ಧೂಳು ಒಳಗೆ ಹೋಗಿ ಉಪ್ಪುಕಾಗದ ಉಜ್ಜಿದ ಹಾಗೆ ಸಿಲಿಂಡರ್ ಗೋಡೆ ಉಜ್ಜುತ್ತೆ. ನಾನು ಬಿಚ್ಚಿದ ಎಷ್ಟೋ ಎಂಜಿನ್‌ಗಳಲ್ಲಿ ರಿಂಗ್ ಹೋಗಿದ್ದು ಇದರಿಂದಲೇ, ಹೈವೇಯಿಂದ ಅಲ್ಲ. ಫಿಲ್ಟರ್‌ಗೆ ಗಾಳಿ ಹೊಡೆಸಿ ಹೊಡೆಸಿ ಮೂರು ವರ್ಷ ನಡೆಸೋರು ಇದಾರೆ, ಅವರು ಯಾರೂ ನನ್ನ ಮಾತು ಕೇಳಲ್ಲ.

ಯಾದಗಿರಿ_ರೈಡರ್:

ಅಣ್ಣಾ, ಇದೇ ಜಾಗದಲ್ಲಿ ನಂದೂ ಒಂದು ಕೇಳ್ತೀನಿ. 100 ಸಿಸಿ, 4 ಗೇರಿನ ಬೈಕು. ವಾರಕ್ಕೆ ಎರಡು ಸಲ ಕಲಬುರಗಿಗೆ 75ರಲ್ಲಿ ಎಳೀತೀನಿ. ಆರ್‌ಪಿಎಂ ಮೀಟರೇ ಇಲ್ಲ. ಇದಕ್ಕೂ ಇದೇ ಲೆಕ್ಕಾನಾ?

ಬೀದರ್_ಕೋಟೆ:

ಸುತ್ತು ಅಷ್ಟೇ ಅಂತೀರಿ ಸರಿ, ಆದ್ರೆ ಜೋರು? ಪಿಸ್ಟನ್ ಮೇಲೆ ಕೆಳಗೆ ಹೊಡೆದಾಡೋ ಬಲ ಒಂದೇ ಇರುತ್ತಾ? 2400ಕ್ಕೂ 3000ಕ್ಕೂ ವ್ಯತ್ಯಾಸ ಇಲ್ವಾ?

ಸೇಡಂರೋಡ್_ಪಾನಾ:

ಇದೆ, ಒಳ್ಳೆ ಪ್ರಶ್ನೆ ಸರ್. ಆ ಬಲ ಆರ್‌ಪಿಎಂನ ವರ್ಗದ ಹಾಗೆ ಏರುತ್ತೆ, 2400ರಿಂದ 3000ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ. ಆದರೆ ಈ ಎಂಜಿನ್‌ನ ಪೂರ್ತಿ ಪವರ್ ಬರೋದೇ 6000ದ ಹತ್ತಿರ, ಅಂದರೆ ಅಲ್ಲಿ ಬೀಳೋ ಬಲ 3000ದಲ್ಲಿ ಬೀಳೋದರ ನಾಲ್ಕು ಪಟ್ಟು. ಕಂಪನಿಯವರು ಕನೆಕ್ಟಿಂಗ್ ರಾಡ್, ಬೋಲ್ಟು, ಬೇರಿಂಗ್ ಎಲ್ಲ ಅದನ್ನ ತಡೆಯೋ ಹಾಗೆ ಮಾಡಿರ್ತಾರೆ. 3000 ಅದಕ್ಕೆ ನಡಿಗೆ.

ಆಯಿಲ್ ವಿಷಯದಲ್ಲಿ ಇನ್ನೂ ಉಲ್ಟಾ. ಮಳೆಗಾಲದಲ್ಲಿ ನೀರು ನಿಂತ ರೋಡಲ್ಲಿ ಜೋರಾಗಿ ಹೋದರೆ ಟೈರು ನೀರಿನ ಮೇಲೆ ತೇಲುತ್ತೆ, ನಿಧಾನ ಹೋದರೆ ತೇಲಲ್ಲ ಅಲ್ವಾ? ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್) ಕೂಡ ಬೇರಿಂಗ್ ಒಳಗೆ ಹಂಗೇ ಆಯಿಲ್ ಮೇಲೆ ತೇಲ್ತಾ ಇರುತ್ತೆ, ಸುತ್ತು ಸಾಕಷ್ಟು ಇದ್ದಾಗಲೇ ಆ ಪದರ ಗಟ್ಟಿ. 5ನೇ ಗೇರಲ್ಲಿ 40ರಲ್ಲಿ ಹೋಗ್ತಾ ಏರು ಬಂದಾಗ ಆಕ್ಸಿಲರೇಟರ್ ಪೂರ್ತಿ ತುಳಿದು ಗಾಡಿ ಗಡಗಡ ಅನ್ನಿಸ್ತಾರಲ್ಲ, ಅದು ಬೇರಿಂಗ್‌ಗೆ ಹೊಡೆತ. ಮುಳ್ಳು 1300 ತೋರಿಸ್ತಾ ಇರುತ್ತೆ, ನೋಡಿದವರು ಎಷ್ಟು ಹಗುರಾಗಿ ಓಡಿಸ್ತಾನೆ ಅಂದ್ಕೋತಾರೆ.

ಇನ್ನು ಕಾಕಾ ಅವರ ಮಾತು. ಅವರು ತಪ್ಪು ಹೇಳಿಲ್ಲರೀ, ಅವರ ಲಾರಿಗೆ ಅದು ಸರಿ. ನಿಮ್ಮ ಎಂಜಿನ್‌ನ ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡೋ ದೂರ) ಗಾಡಿಯ ಪುಸ್ತಕದಲ್ಲಿ ನೋಡಿ, ಇಂಥ 1.2ಗಳಲ್ಲಿ 71.5 ಮಿ.ಮೀ. ಆಸುಪಾಸು ಇರುತ್ತೆ. 3000ದಲ್ಲಿ ಪಿಸ್ಟನ್ ಸರಾಸರಿ ಸೆಕೆಂಡಿಗೆ 7 ಮೀಟರ್ ಚಿಲ್ಲರೆ ಓಡಾಡುತ್ತೆ. ಲಾರಿ ಸ್ಟ್ರೋಕ್ 120 ಮಿ.ಮೀ. ಅಂತ ಹಿಡಿದರೆ ಅದೇ ವೇಗ 1800ಕ್ಕೇ ಬಂದುಬಿಡುತ್ತೆ. ಅಂದರೆ ನಿಮ್ಮ 3000 ಅಂದರೆ ಅವರ ಲಾರಿಯ 1800. ಈ ಲೆಕ್ಕ ಅವರ ಮುಂದೆ ಇಟ್ಟು ನೋಡಿ, ಒಪ್ಪಬಹುದು.

ಮೈಲೇಜ್ ಮಾತು ಬೇರೆ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಸುಮಾರು ಒಂದೂವರೆ ಪಟ್ಟು ಆಗುತ್ತೆ, ಪೆಟ್ರೋಲ್ ತಿನ್ನೋದು ಅದು. ಆದರೆ ನೀವು ಮೊದಲೂ 100ರಲ್ಲೇ ಹೋಗ್ತಿದ್ರಿ ಅಂತೀರಿ. ಮೊದಲು 18, ಈಗ 15 ಯಾಕೆ? ಟೈರ್ ಗಾಳಿ ನೋಡಿಸಿದ್ರಾ? ಬ್ರೇಕ್ ಹಿಡ್ಕೊಂಡಿದೆಯಾ? ಆಯಿಲ್ ಲೆವೆಲ್?

ತೊಗರಿಕಟ್ಟೆ:

ಗಾಳಿ ಸರಿ ಇದೆ. ನಿನ್ನೆ 30 ಕಿ.ಮೀ. ಓಡಿಸಿ ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಯಾವುದೂ ವಿಪರೀತ ಬಿಸಿ ಇರಲಿಲ್ಲ. ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆಗೇ ಇದೆ, ಸರ್ವಿಸ್ ಆಗಿ 6000 ಕಿ.ಮೀ. ಆಯ್ತು, ಇಳಿದೇ ಇಲ್ಲ.

ಒಂದು ಮಾತು ಬರೆಯೋದು ಬಿಟ್ಟಿದ್ದೆ, ದೊಡ್ಡದೇನಲ್ಲ ಅನ್ಕೊಂಡಿದ್ದೆ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಸಿಗುತ್ತಲ್ಲ, ಅಲ್ಲಿ ಯಾವುದಾದ್ರೂ ಲಾರಿ ಹಿಂದೆ ಹಾಕೋಕೆ ಒತ್ತಿದರೆ ಮುಳ್ಳು 3500ರ ತನಕ ಹೋಗುತ್ತೆ, ಆದರೆ ಗಾಡಿ 80ರ ಮೇಲೆ ಏಳಲ್ಲ. ಕಾಲು ಸಡಿಲ ಬಿಟ್ಟರೆ ಮುಳ್ಳು ತಾನೇ ಕೆಳಗೆ ಬರುತ್ತೆ. ಕಾಕಾ ಬಯ್ಯೋಕೆ ಶುರು ಮಾಡಿದ್ದೂ ಅಲ್ಲೇ. ಗೇರ್ 5ನೇದೇ.

ಬೀದರ್_ಕೋಟೆ:

4ನೇ ಗೇರಲ್ಲಿ ಇದ್ದಿರಬೇಕು, ಮರೆತಿದ್ದೀರಿ. ನನಗೂ ಆಗುತ್ತೆ.

ಸೇಡಂರೋಡ್_ಪಾನಾ:

4ನೇ ಗೇರಲ್ಲಿ ಇದ್ದಿದ್ರೆ 80ಕ್ಕೆ ಮುಳ್ಳು 3000ದ ಹತ್ತಿರ ಹೋಗಿ ಅಲ್ಲೇ ನಿಲ್ತಿತ್ತು. ಕಾಲು ಸಡಿಲ ಬಿಟ್ಟ ಮಾತ್ರಕ್ಕೆ ಅದೇ ಸ್ಪೀಡಲ್ಲಿ ಇಳೀತಿರಲಿಲ್ಲ.

ತೊಗರಿಕಟ್ಟೆ ಅವರೇ, ಇದನ್ನ ಮೊದಲೇ ಹೇಳಿದ್ರೆ ನಾನು ಇಷ್ಟೆಲ್ಲ ಟೈಪ್ ಮಾಡೋದು ತಪ್ತಿತ್ತು! ಕಿಲೋಮೀಟರಿಗೆ 1800 ಸುತ್ತು, ಹಲ್ಲಿಗೆ ಹಲ್ಲು ಕೂತಿದೆ ಅಂದೆನಲ್ಲ. 80ಕ್ಕೆ 2400 ಇರಬೇಕಾದ ಕಡೆ 3500 ಬಂದರೆ ನಡುವೆ ಎಲ್ಲೋ ಜಾರ್ತಾ ಇದೆ. ಮ್ಯಾನುವಲ್ ಗಾಡಿಯಲ್ಲಿ ಜಾರೋ ಜಾಗ ಒಂದೇ, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರೋ ಕ್ಲಚ್. ಮೈಲೇಜ್ ಹೋಗ್ತಿರೋದೂ ಅಲ್ಲಿಗೇ.

ಹೀಗೆ ಮಾಡಿ. ನಾಳೆ ಬೆಳಿಗ್ಗೆ ಖಾಲಿ ರೋಡಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, 5ನೇ ಗೇರಲ್ಲಿ 60ರಲ್ಲಿ ಹೋಗ್ತಾ ಒಮ್ಮೆಲೇ ಪೂರ್ತಿ ತುಳಿಯಿರಿ. ಮುಳ್ಳು ಮತ್ತು ಸ್ಪೀಡು ಜೊತೆಜೊತೆಗೆ ಏರಿದರೆ ಕ್ಲಚ್ ಸರಿ ಇದೆ. ಮುಳ್ಳು ಮುಂದೆ ನೆಗೆದು ಸ್ಪೀಡು ಹಿಂದೆ ಉಳಿದರೆ ಜಾರ್ತಿದೆ. ಎರಡೇ ಸಲ ಸಾಕು, ಮತ್ತೆ ಮತ್ತೆ ಮಾಡಿ ಇರೋದನ್ನೂ ಸುಡಬೇಡಿ. ಅದಕ್ಕೂ ಮೊದಲು ಕ್ಲಚ್ ಪೆಡಲ್ ಕೈಯಲ್ಲಿ ಒತ್ತಿ ನೋಡಿ, ಮೇಲೆ ಸ್ವಲ್ಪ ಸಡಿಲ ಇರಬೇಕು. ಸಡಿಲವೇ ಇಲ್ಲ ಅಂದರೆ ಕೇಬಲ್ ಬಿಗಿಯಾಗಿ ಕ್ಲಚ್ ಯಾವಾಗಲೂ ಅರ್ಧ ಒತ್ತಿದ ಹಾಗೇ ಇರುತ್ತೆ, ಅದು ಬರೀ ಅಡ್ಜಸ್ಟ್‌ಮೆಂಟ್ ಕೆಲಸ, ಖರ್ಚಿಲ್ಲ.

ತೊಗರಿಕಟ್ಟೆ:

ಸರ್, ಪೆಡಲ್ ಸಡಿಲ ಇದೆ. ಇವತ್ತು ಹುಮನಾಬಾದ್ ರಿಂಗ್ ರೋಡ್ ದಾಟಿ ಟೆಸ್ಟ್ ಮಾಡಿದೆ. ಮುಳ್ಳು 1800ರಿಂದ ಸೀದಾ 3000ಕ್ಕೆ ನೆಗೆಯಿತು, ಸ್ಪೀಡು 62, 63 ಅಂತ ತೆವಳ್ತಾ ಇತ್ತು. ಎರಡನೇ ಸಲ ಸೆಣಬು ಸುಟ್ಟ ಹಾಗೆ ವಾಸನೆ ಬಂತು. ಅಲ್ಲಿಗೆ ನಿಲ್ಲಿಸಿ ಗಾಡಿ ತಿರುಗಿಸಿದೆ.

ಸೇಡಂರೋಡ್_ಪಾನಾ:

ಮುಗೀತು, ಕ್ಲಚ್ ಪ್ಲೇಟ್ ಹೋಗಿದೆ. ಹೈದರಾಬಾದ್‌ಗೆ ಈ ಗಾಡಿ ತಗೊಂಡು ಹೋಗಬೇಡಿ, ಈ ಸೋಮವಾರ ಬಸ್ಸು ಹತ್ತಿ. ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ. ಬೇರಿಂಗ್ ಉಳಿಸೋಕೆ ಹೋಗಿ ಆರು ತಿಂಗಳಿಗೆ ಮತ್ತೆ ಅದೇ ಮಜೂರಿ ಕೊಟ್ಟವರನ್ನ ನೋಡಿದೀನಿ. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಒದ್ದೆ ಇದೆಯಾ ನೀವೇ ನಿಂತು ನೋಡಿ. ಅಲ್ಲಿಂದ ಆಯಿಲ್ ಸೋರಿ ಪ್ಲೇಟ್ ಜಾರ್ತಿದ್ರೆ ಹೊಸ ಪ್ಲೇಟೂ ಉಳಿಯಲ್ಲ.

ತೊಗರಿಕಟ್ಟೆ:

ಆಯ್ತು ಸರ್, ಮುಗೀತು. ಹಳೇ ಪ್ಲೇಟ್ ಕೇಳಿ ಇಸ್ಕೊಂಡು ಬಂದಿದೀನಿ, ಮೇಜಿನ ಮೇಲೇ ಇದೆ. ಒಂದು ಬದಿ ಪೂರ್ತಿ ಸವೆದು ರಿವಿಟ್ ತಲೆಗಳು ಉಗುರಿಗೆ ತಾಗ್ತವೆ, ಅಂಚಿನಲ್ಲಿ ಸುಟ್ಟು ಕರಿ ಬಣ್ಣ. ಫ್ಲೈವೀಲ್ (ಪ್ಲೇಟ್ ಒತ್ತಿ ಕೂರೋ ಎಂಜಿನ್ ಚಕ್ರ) ಮೇಲೆ ನೀಲಿ ಕಲೆ ಇತ್ತು, ಬಿರುಕು ಇರಲಿಲ್ಲ. ಸೀಲ್ ಒಣಗಿಯೇ ಇತ್ತು. ಮಿಸ್ತ್ರಿ ಹೇಳಿದ ಪ್ರಕಾರ ಹಿಂದಿನ ಮಾಲೀಕರು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಿರಬೇಕಂತೆ. ನಾನೂ ಸಿಗ್ನಲ್‌ನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ತಿದ್ದೆ, ಅವನ ಮುಂದೆ ಹೇಳಲಿಲ್ಲ.

ಶನಿವಾರ ಅದೇ ಏರಲ್ಲಿ 80ಕ್ಕೆ 2400, ಒತ್ತಿದರೂ ಮುಳ್ಳು ಸ್ಪೀಡಿನ ಜೊತೆಗೇ ಬರ್ತಿದೆ. ಮೈಲೇಜ್ ಒಂದೇ ಟ್ಯಾಂಕಿಗೆ ಹೇಳೋಕಾಗಲ್ಲ, ಇನ್ನೆರಡು ಸಲ ಫುಲ್ ಮಾಡಿಸಿ ಬರೀತೀನಿ.

ಬೀದರ್_ಕೋಟೆ:

ಒಪ್ಪಿದೆ ಸರ್. 4ನೇ ಗೇರ್ ಮಾತು ವಾಪಸ್.

ಯಾದಗಿರಿ_ರೈಡರ್:

ನನ್ನ ಬೈಕಿನ ಬಗ್ಗೆ ಯಾರೂ ಹೇಳಲೇ ಇಲ್ಲ 😀

ಸೇಡಂರೋಡ್_ಪಾನಾ:

ಮರ್ತೇ ಬಿಟ್ಟಿದ್ದೆ ತಮ್ಮಾ. ಸುತ್ತಿನ ಲೆಕ್ಕ ನಿನಗೂ ಅದೇ, ಆದರೆ ನಿನ್ನದು ಗಾಳಿಗೆ ತಣ್ಣಗಾಗೋ ಎಂಜಿನ್, ರೇಡಿಯೇಟರ್ ಇಲ್ಲ, ಒಳಗಿರೋ ಆಯಿಲ್ ಸುಮಾರು ಒಂದೇ ಲೀಟರ್. 4 ಗೇರಿನ 100 ಸಿಸಿಗೆ 75 ಅಂದರೆ ಕಾರಿನವರ 100ರ ಹಾಗೆ ನಡಿಗೆ ಅಲ್ಲ, ಓಟ. ಮೇ ತಿಂಗಳ 42, 43 ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನ ಹಾಗೆ ಎಳೀಬೇಡ, 60, 65ರಲ್ಲಿ ಬಾ. 500 ಕಿ.ಮೀ.ಗೊಮ್ಮೆ ಆಯಿಲ್ ಕಡ್ಡಿ ತೆಗೆದು ನೋಡು, ಇಷ್ಟು ಕಮ್ಮಿ ಆಯಿಲಲ್ಲಿ 200 ಮಿ.ಲೀ. ಇಳಿದರೂ ದೊಡ್ಡ ಮಾತು. ವಾಡಿ ಮೇಲೆ ಬರ್ತೀಯಾ? ಹಾಗಿದ್ರೆ ಏರ್ ಫಿಲ್ಟರ್ ಕೊನೆ ಸಲ ಯಾವಾಗ ಬದಲಾಯಿಸಿದೆ ಅಂತ ಬರಿ, ಆಮೇಲೆ ಮುಂದಿನದು ಮಾತಾಡೋಣ.